ಏಳು ಗಂಟೆಯ ಕತ್ತಲು

ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಎಲ್ಲ ಲೈಟು ಆರಿಸಿ ಅರ್ಧ ಗಂಟೆ ಸುಮ್ಮನೆ ಕೂರಬೇಕಿತ್ತು. ಅದು ನನ್ನ ಹೆಂಡತಿಯ ಕಾನೂನು. ಫ್ಯಾಮಿಲಿ ರೂಮಿನ ಗೋಡೆಗೆ ಒರಗಿದ್ದ ದೊಡ್ಡ ಗಾಜಿನ ಟ್ಯಾಂಕಿನಲ್ಲಿ ಎರಡೇ ಎರಡು ಮೀನು, ಅವುಗಳಲ್ಲಿ ಒಂದರ ಊಟದ ಹೊತ್ತು ಅದು. ಟೀವಿ ಕೂಡದು, ಫೋನು ಕೂಡದು. ಫ್ರಿಜ್ಜಿನ ಬಾಗಿಲು ತೆಗೆದರೆ ಅದರೊಳಗಿನ ಬೆಳಕು ಬೀಳುತ್ತದೆ ಎಂದು ಅದಕ್ಕೂ ಗದರಿಕೆ. ಬೋಲಿಂಗ್‌ಬ್ರೂಕಿನ ಗೋದಾಮೊಂದರ ಕಂಪ್ಯೂಟರುಗಳ ಜೊತೆ ದಿನವಿಡೀ ಗುದ್ದಾಡಿ ಹಸಿದು ಬಂದ ಮನುಷ್ಯ, ಮೀನು ಉಂಡು ಮುಗಿಸುವ ತನಕ ಕಾಯಬೇಕೆಂದರೆ ಮೈ ಉರಿಯುವುದಿಲ್ಲವೇ? ನನಗಂತೂ ಉರಿಯುತ್ತಿತ್ತು.

"ಮೊದಲು ಅದಕ್ಕೇ ಬಡಿಸು ಮಾರಾಯ್ತಿ, ಮಿಕ್ಕಿದ್ರೆ ನಂಗೆ ಹಾಕು," ಅನ್ನುತ್ತಿದ್ದೆ.

"ಷ್! ಮಾತಾಡ್ಬೇಡಿ, ಬರ್ತಾ ಇದೆ," ಅನ್ನುತ್ತಿದ್ದಳು ಕತ್ತಲಲ್ಲಿ.

ಬರುತ್ತಿದ್ದುದು ಕ್ಯಾಟ್‌ಫಿಶ್. ಮದುವೆಯಾದ ಹೊಸದರಲ್ಲಿ, ವೆಸ್ಟ್‌ಮಂಟಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದಾಗ, ಅವಳು ಹೆಬ್ಬೆರಳಿನಷ್ಟು ಮರಿ ತಂದು ಸಾಕಿದ್ದು. ಮೈತುಂಬ ಕಂದು ಚುಕ್ಕೆ, ಬಾಯಿಯ ಸುತ್ತ ಮೀಸೆ. ತಾತ ಎಂದು ಕರೆಯುತ್ತಿದ್ದಳು. ಯಾರ ತಂಟೆಗೂ ಹೋಗದ ಪ್ರಾಣಿ. ಹಗಲೆಲ್ಲ ಒಡೆದ ಹೂವಿನ ಕುಂಡದೊಳಗೆ ಅಡಗಿರುತ್ತಿತ್ತು, ಕತ್ತಲಾದರೆ ಮಾತ್ರ ಹೊರಗೆ ಬಂದು ತಳದ ಕಲ್ಲು ಕೆದಕಿ ತಿನ್ನುತ್ತಿತ್ತು.

ಇನ್ನೊಂದು ಸಿಕ್ಲಿಡ್ ಎಂಬ ಜಾತಿಯದು. ಊರು ಬಿಟ್ಟು ಹೊರಟ ಪರಿಚಯದವರೊಬ್ಬರು ನಮ್ಮ ತಲೆಗೆ ಕಟ್ಟಿ ಹೋದದ್ದು. ಕಿತ್ತಳೆ ಬಣ್ಣ, ಹಣೆಯ ಮೇಲೆ ಗುಬುಟು, ಮೂಗಿನ ತುದಿಯಲ್ಲೇ ಕೋಪ. ನಾನು ಇಟ್ಟ ಹೆಸರು ರೌಡಿ. ಟ್ಯಾಂಕಿನಲ್ಲಿದ್ದ ಬೇರೆ ಮೀನುಗಳನ್ನೆಲ್ಲ ಒಂದೊಂದಾಗಿ ಕೊಂದು ಹಾಕಿತು. ನೀರು ಬಿಸಿ ಮಾಡುವ ಹೀಟರಿಗೆ ಗುದ್ದಿ ಗುದ್ದಿ ಒಡೆಯಿತು. ಗಾಜು ಒರೆಸಲು ಕೈ ಹಾಕಿದರೆ ಇವಳ ಬೆರಳನ್ನೇ ಕಚ್ಚುತ್ತಿತ್ತು. ಉಳಿದುಕೊಂಡದ್ದು ತಾತ ಒಂದೇ. ಬೆಳಕಿರುವ ತನಕ ಟ್ಯಾಂಕು ರೌಡಿಯದು. ಕತ್ತಲಾದರೆ ರೌಡಿ ಒಂದು ಮೂಲೆಗೆ ಒರಗಿ ನಿದ್ದೆ ಹೊಡೆಯುತ್ತಿತ್ತು. ಆಗ ನೀರಲ್ಲಿ ಮುಳುಗುವ ಮೀನೂಟದ ಗುಳಿಗೆಗಳನ್ನು ಇವಳು ಕುಂಡದ ಬಾಯಿಗೆ ಸರಿಯಾಗಿ ಬಿಡುತ್ತಿದ್ದಳು. ಎರಡನ್ನೂ ಒಂದೇ ನೀರಿನಲ್ಲಿ ಬದುಕಿಸಿದ ಗುಟ್ಟು ಇಷ್ಟೇ. ಎರಡರಲ್ಲಿ ಒಂದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹೇಳದವರಿಲ್ಲ, ನಾನೂ ಹೇಳಿದವನೇ. ಅವಳು ಜಪ್ಪಯ್ಯ ಅನ್ನಲಿಲ್ಲ.

"ನಿಮ್ಮನ್ನ ಇಟ್ಕೊಂಡಿಲ್ವಾ? ಹಂಗೇ ಇದೂ," ಅಂದಳು ಒಮ್ಮೆ, ರೌಡಿಯ ಕಡೆ ಕೈ ತೋರಿಸಿ. ಮನೆಗೆ ಊಟಕ್ಕೆ ಬಂದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಇನ್ನಷ್ಟು ನಕ್ಕರು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಎರಡು ಚಳಿಗಾಲ ಎಳೆಯಿತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನೆಗೇ ಕರೆತಂದೆ. ಆಸ್ಪತ್ರೆಯ ಮಂಚವೂ ಬಂತು. ಎಲ್ಲಿ ಹಾಕಲಿ ಎಂದು ತಂದವನು ಕೇಳಿದಾಗ ಅವಳೇ ಕೈ ಎತ್ತಿ ಟ್ಯಾಂಕಿನ ಎದುರು ತೋರಿಸಿದಳು. ಅಲ್ಲಿಂದ ಮುಂದೆ ಮೀನಿಗೆ ಗುಳಿಗೆ ಹಾಕುವ ಕೆಲಸ ನನ್ನದಾಯಿತು. ಕೊನೆಕೊನೆಗೆ ಅವಳಿಗೆ ಕಣ್ಣು ತೆರೆದಿಡುವುದೂ ಕಷ್ಟ. ಆದರೂ ಏಳಾಯಿತೆಂದರೆ, "ಲೈಟ್ ಆರ್ಸಿ," ಅನ್ನುತ್ತಿದ್ದಳು. ಕತ್ತಲಲ್ಲಿ ಇಬ್ಬರೂ ಕಿವಿ ಕೊಟ್ಟು ಕಾಯುತ್ತಿದ್ದೆವು. ತಾತ ಕಲ್ಲು ಕೆದಕುವಾಗ ಅವು ಗಾಜಿಗೆ ತಾಗಿ ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅದು ನಿಂತ ಮೇಲೆ, "ಉಂಡಿತು," ಎಂದು ನಿಟ್ಟುಸಿರು ಬಿಡುತ್ತಿದ್ದಳು. ಅವಳ ಗಂಟಲಿಗೆ ಎರಡು ಚಮಚ ಗಂಜಿ ಇಳಿಯುತ್ತಿರಲಿಲ್ಲ, ಮೀನು ಉಂಡಿತೆಂದು ಸಮಾಧಾನ. ಜನವರಿಯ ಒಂದು ಬೆಳಿಗ್ಗೆ ಆ ಮಂಚದ ಮೇಲೆಯೇ ಹೋದಳು.

ಅವತ್ತು ಮಧ್ಯಾಹ್ನ ಅತ್ತಿಗೆ ಬಂದರು, ನನ್ನ ಹೆಂಡತಿಯ ಅಕ್ಕ. ಬೇರೆ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಹಿಮದಲ್ಲಿ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಕೋಟು ಬಿಚ್ಚುವ ಮೊದಲೇ ತಂಗಿಯ ಕಾಲು ಹಿಡಿದು ನಿಂತರು, ಆದರೆ ಅಳಲಿಲ್ಲ. ಬಂದವರ ಊಟ, ಪುರೋಹಿತರ ಫೋನು, ಎಲ್ಲವನ್ನೂ ಅವರೇ ವಹಿಸಿಕೊಂಡರು. ಮಂಚ ವಾಪಸು ಹೋದ ಮೇಲೆ ಕಾರ್ಪೆಟ್ಟಿನಲ್ಲಿ ಅದರ ಕಾಲಿನ ಗುಳಿಗಳು ಉಳಿದಿದ್ದವು. ಅವುಗಳ ನಡುವೆ ಒಂದು ಚಪ್ಪಟೆ ಕಲ್ಲು ಇಟ್ಟು, ಅದರ ಮೇಲೆ ಹಿತ್ತಾಳೆಯ ದೀಪ ಹಚ್ಚಿದರು.

"ಪ್ರಾಣ ಹೋದ ಜಾಗ ಇದು. ಹದಿಮೂರರ ತನಕ ದೀಪ ಇಲ್ಲೇ ಇರ್ಬೇಕು. ಕದಲಿಸ್ಬಾರ್ದು, ಆರ್ಬಾರ್ದು. ಮನೇನೂ ಕತ್ತಲು ಮಾಡ್ಬೇಡಿ," ಅಂದರು. ರೂಮಿನ ಲೈಟೂ ಹಗಲು ರಾತ್ರಿ ಉರಿಯತೊಡಗಿತು. ಹೊಗೆಗೆ ಸೂರಿನ ಅಲಾರಂ ಕಿರುಚಿದಾಗ ಅದರ ಬ್ಯಾಟರಿಯನ್ನೇ ತೆಗೆಸಿದರು. ತಾವು ಪಕ್ಕದ ಸೋಫಾದ ಮೇಲೆ ಮಲಗಿ, ಎದ್ದೆದ್ದು ಎಣ್ಣೆ ಹಾಕುತ್ತಿದ್ದರು. ಅವರನ್ನು ನೋಡಿ ನನಗೆ ಕೈ ಮುಗಿಯಬೇಕೆನಿಸುತ್ತಿತ್ತು. ಮೀನಿಗೆ ಗುಳಿಗೆ ಹಾಕುತ್ತಿದ್ದೆ, ಆದರೆ ತಾತ ಉಣ್ಣಲು ಕತ್ತಲು ಬೇಕೆಂಬ ನೆನಪು ನನಗೆ ಆಗಲಿಲ್ಲ.

ಕೆಲವು ದಿನ ಕಳೆದ ಮೇಲೆ, ಬಂದವರೆಲ್ಲ ಹೋಗಿ ಮನೆ ಖಾಲಿಯಾದ ಒಂದು ಸಂಜೆ ಟ್ಯಾಂಕಿನ ಮುಂದೆ ಕೂತೆ. ರೌಡಿ ನಿದ್ದೆಯೇ ಮಾಡುತ್ತಿರಲಿಲ್ಲ. ಕತ್ತಲಾದರಲ್ಲವೇ ಮಾಡುವುದು? ಕುಂಡದ ಬಾಯಿಯ ಮುಂದೆ ಆ ಕಡೆಯಿಂದ ಈ ಕಡೆಗೆ ತಿರುಗುತ್ತ ಕಾವಲು ನಿಂತಿತ್ತು. ನಾನು ಹಾಕಿದ ಗುಳಿಗೆ ತಳ ಮುಟ್ಟುವ ಮೊದಲೇ ಗುಳುಂ. ನಾನು ಇಷ್ಟು ದಿನ ಹಾಕಿದ್ದೆಲ್ಲ ಅದರ ಹೊಟ್ಟೆಗೇ ಹೋಗಿತ್ತು. ಬಗ್ಗಿ ಕುಂಡದೊಳಗೆ ಇಣುಕಿದೆ. ತಾತನ ಹೊಟ್ಟೆ ಒಳಕ್ಕೆ ಹೋಗಿತ್ತು, ಬಾಲ ಹರಿದು ಚಿಂದಿಯಾಗಿತ್ತು. ಮೀಸೆ ಮಾತ್ರ ಅಲ್ಲಾಡುತ್ತಿತ್ತು.

ಮದುವೆಯ ಹೊಸದರಿಂದಲೂ ಅವಳ ಕೈಯಿಂದ ಉಂಡವರು ಈ ಮನೆಯಲ್ಲಿ ಇಬ್ಬರೇ ಉಳಿದಿದ್ದೆವು, ಅದು ಮತ್ತು ನಾನು. ಅದು ಹೋದರೆ ಇನ್ನು ನಾನೊಬ್ಬನೇ ಎನ್ನುವುದು ಮೊದಲ ಸಲ ಬುದ್ಧಿಗೆ ತಟ್ಟಿತು. ತಾತನನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕೋಣವೆಂದರೆ ಅದರ ರೆಕ್ಕೆಯಲ್ಲಿ ಮುಳ್ಳು. ಹಿಂದೊಮ್ಮೆ ಅದು ಬಲೆಗೆ ಸಿಕ್ಕಿಹಾಕಿಕೊಂಡಾಗ ಇವಳು ಕತ್ತರಿಯಲ್ಲಿ ಬಲೆ ಕತ್ತರಿಸಿ ಬಿಡಿಸಿದ್ದಳು. ಈ ಸ್ಥಿತಿಯಲ್ಲಿ ಅದು ತಡೆಯುತ್ತಿರಲಿಲ್ಲ. ರೌಡಿಯನ್ನು ಹಿಡಿಯಲು ಹೋದರೆ ಹುಚ್ಚೆದ್ದು ಕುಂಡವನ್ನೇ ಉರುಳಿಸುತ್ತಿತ್ತು. ಕಪ್ಪು ಬೆಡ್‌ಶೀಟು ತಂದು ಟ್ಯಾಂಕಿಗೆ ಹೊದಿಸಿದೆ. ಅಡುಗೆಮನೆಯಿಂದ ಬಂದ ಅತ್ತಿಗೆ ಅದನ್ನು ಒಂದೇ ಏಟಿಗೆ ಎಳೆದು ಹಾಕಿದರು.

"ಉರಿಯೋ ದೀಪದ ಪಕ್ಕ ಬಟ್ಟೆ ನೇತಾಕ್ತಾ ಇದೀರಲ್ಲ, ಬುದ್ಧಿ ನೆಟ್ಟಗಿದೆಯಾ? ಮರದ ಮನೆ ಇದು!"

"ಹಂಗಾದ್ರೆ ದೀಪ ತೆಗೀರಿ. ರೂಮಿನ ಲೈಟೂ ಆರ್ಸಿ. ಒಂದರ್ಧ ಗಂಟೆ ಸಾಕು."

"ಏನಂದ್ರಿ?"

"ನಿಮ್ಮ ದೀಪದಿಂದ ಅವಳ ಮೀನು ಸಾಯ್ತಾ ಇದೆ ಅತ್ತಿಗೆ!" ಕೂಗಿಯೇಬಿಟ್ಟೆ.

ಅವರು ದೀಪಕ್ಕೆ ಅಡ್ಡ ಬಂದು ನಿಂತರು. "ಮೀನಾ? ನನ್ನ ತಂಗಿ ಹೋಗಿದಾಳೆ, ನೀವು ಮೀನು ಅಂತೀರಾ? ಹೋದವರು ಹದಿಮೂರು ದಿನ ಮನೆ ಸುತ್ತಾನೇ ಇರ್ತಾರೆ. ಕತ್ತಲು ಮಾಡಿದ್ರೆ ಅವಳಿಗೆ ಮನೆ ಹೆಂಗೆ ಗೊತ್ತಾಗ್ಬೇಕು? ಅಷ್ಟಾದ್ರೂ ಮಾಡೋಕೆ ಬಿಡಿ ನಂಗೆ."

"ಅವಳಿಗೆ ಕತ್ತಲು ಹೊಸದಲ್ಲ," ಅಂದೆ. "ದಿನಾ ಸಂಜೆ ಏಳಕ್ಕೆ ಎಲ್ಲಾ ಆರಿಸಿ ಇಲ್ಲೇ ಕೂರ್ತಿದ್ಲು, ಇದು ಉಣ್ಣಲಿ ಅಂತ. ಮಂಚ ಹಿಡಿದ ಮೇಲೂ ಬಿಡ್ಲಿಲ್ಲ. ಬೇಕಾದ್ರೆ ಅವಳನ್ನೇ..." ಬೇಕಾದರೆ ಅವಳನ್ನೇ ಕೇಳಿ ಎನ್ನಲು ಹೋಗಿದ್ದೆ.

"ಏಳಕ್ಕಾ?" ಅಂದರು ಅತ್ತಿಗೆ ಮೆಲ್ಲಗೆ. "ಅಂದ್ರೆ ನಮ್ಮೂರಲ್ಲಿ ಎಂಟು, ನಮ್ಮ ಗಡಿಯಾರ ಒಂದು ಗಂಟೆ ಮುಂದೆ. ಎಂಟಕ್ಕೆ ನಾನು ಕೆಲಸ ಮುಗಿಸಿ ಫೋನ್ ಮಾಡಿದ್ರೆ ಒಂದು ದಿನಾನೂ ಎತ್ತಿದವಳಲ್ಲ. ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ವೇನೋ ಅನ್ಕೊಂಡಿದ್ದೆ."

ಅಲ್ಲಿ ನಿಲ್ಲಲಾಗದೆ ಜಾಕೆಟ್ಟು ಹಾಕಿಕೊಂಡು ಹಿಮ ಎತ್ತಲು ಹೊರಗೆ ಹೋದೆ. ಡ್ರೈವ್‌ವೇಯಲ್ಲಿ ಅಷ್ಟೇನೂ ಹಿಮ ಇರಲಿಲ್ಲ. ನಮ್ಮದು ಮುಗಿಸಿ ಪಕ್ಕದ ಮನೆಯವರದ್ದನ್ನೂ ಎತ್ತಿದೆ. ಕೈ ಜೋಮು ಹಿಡಿದಿತ್ತು, ಸಿಟ್ಟು ಇಳಿದು ಬರೀ ದುಃಖ ಉಳಿದಿತ್ತು. ಕತ್ತಲಾಗಿ ಬಹಳ ಹೊತ್ತಾಗಿತ್ತು. ತಿರುಗಿ ನೋಡಿದರೆ ಬೀದಿಯ ಮನೆಗಳೆಲ್ಲ ಬೆಳಗುತ್ತಿವೆ, ನಮ್ಮದೊಂದು ಕಪ್ಪಗೆ ನಿಂತಿದೆ. ಎಣ್ಣೆ ಹಾಕಲು ಹೋಗಿ ಏನಾದರೂ ಆಯಿತೇ ಎಂದು ಸಲಿಕೆ ಎಸೆದು ಒಳಗೆ ಓಡಿದೆ.

"ಷ್! ಬಾಗಿಲು ಹಾಕಿ," ಎಂದಿತು ಕತ್ತಲೊಳಗಿಂದ ಒಂದು ದನಿ. ಅಕ್ಕತಂಗಿಯರ ದನಿ ಒಂದೇ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಾಗಿಲು ಹಾಕಿ ಗೋಡೆ ತಡವುತ್ತ ಒಳಗೆ ಹೋದೆ.

ಅತ್ತಿಗೆ ಕಾರ್ಪೆಟ್ಟಿನ ಮೇಲೆ ಕೂತಿದ್ದರು. "ದೀಪಕ್ಕೆ ಕೈ ಮುಗಿದು ಶಾಂತ ಮಾಡಿದೀನಿ. ಅದರ ಊಟ ಎಲ್ಲಿಟ್ಟಿದೀರೋ ಸಿಗ್ಲಿಲ್ಲ, ನೀವೇ ಹಾಕಿ," ಅಂದರು.

ತಡಕಾಡಿ ಡಬ್ಬಿ ಹುಡುಕಿ, ಕುಂಡ ಇದ್ದ ಅಂದಾಜಿನಲ್ಲಿ ನಾಲ್ಕು ಗುಳಿಗೆ ಬಿಟ್ಟು ಅವರ ಪಕ್ಕ ಕೂತೆ. ನೀರು ಅಲ್ಲಾಡಿತು, ರೌಡಿ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಫಿಲ್ಟರಿನ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ತಡವಾಯಿತೇನೋ, ಅದಕ್ಕೆ ಹೊರಗೆ ಬರುವ ಶಕ್ತಿಯೇ ಇಲ್ಲವೇನೋ ಎಂದು ನಾನು ಉಸಿರು ಹಿಡಿದಿದ್ದೆ. ಪಕ್ಕದಲ್ಲಿ ಅತ್ತಿಗೆಯೂ ಹಿಡಿದಿದ್ದರು.

ಟಿಕ್.

ಸ್ವಲ್ಪ ಬಿಟ್ಟು, ಟಿಕ್ ಟಿಕ್.

"ಇದೇನಾ?"

"ಇದೇ ಅತ್ತಿಗೆ."

ಅವರ ಭುಜ ಅಲುಗುತ್ತಿದ್ದುದು ನನ್ನ ತೋಳಿಗೆ ತಾಗುತ್ತಿತ್ತು. ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವರು ಸೆರಗಿನಿಂದ ಬಾಯಿ ಒತ್ತಿಕೊಂಡು ಬಿಕ್ಕುತ್ತಿದ್ದರು, ಮೀನಿಗೆ ಕೇಳಿಸದಿರಲೆಂದು.

"ನಾನೆಂಥ ದಡ್ಡಿ," ಅಂದರು ಕೊನೆಗೆ. "ಈ ಹೊತ್ತಲ್ಲಿ ಲೈಟ್ ಉರೀತಾ ಇದ್ರೆ, ಬೇರೆ ಯಾರದೋ ಮನೆ ಅನ್ಕೊಂಡು ದಿನಾ ವಾಪಸ್ ಹೋಗ್ತಿದ್ಲೇನೋ."

ನಾನೂ ಅತ್ತೆ. ಕಲ್ಲಿನ ಸದ್ದು ಇನ್ನೂ ಬಹಳ ಹೊತ್ತು ಕೇಳಿಸಿತು, ಹಸಿದಿತ್ತು ಪಾಪ. ಆಮೇಲೆ ನಿಂತಿತು.

"ಉಂಡಿತು," ಅಂದೆ.

ಅರ್ಧ ಗಂಟೆ ಆಗಿಹೋಗಿತ್ತು. ಬೆಂಕಿಪೊಟ್ಟಣ ಅತ್ತಿಗೆಯ ಕೈಯಲ್ಲೇ ಇತ್ತು. ಇನ್ನೂ ಸ್ವಲ್ಪ ಹೊತ್ತು ಅವರು ಕಡ್ಡಿ ಗೀರಲಿಲ್ಲ, ನಾನೂ ಗೀರಿ ಅನ್ನಲಿಲ್ಲ.