ನೀರಗಂಟಿಯ ಮಗ ಬರೆದ ಕಾನೂನು

ಹೋದ ವಾರ ಚಿಂತಾಮಣಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಹುಡುಗಿಯೊಬ್ಬಳು ವೈಟ್ನರ್ ಬಾಟಲಿಯ ಮುಚ್ಚಳ ತೆಗೆದಳು. ತಲೆಗೆ ಹತ್ತುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, "ಏ, ಮುಚ್ಚಮ್ಮ ಅದನ್ನ!" ಎಂದು ಕೂಗಿಬಿಟ್ಟೆ. ಅವಳು ಬೆಚ್ಚಿಬಿದ್ದಳು. ಪಾಪ, ಅವಳದೇನು ತಪ್ಪು... ಅದು ನನ್ನ ಸೀನಿಯರ್ ಆಡುತ್ತಿದ್ದ ಮಾತು. ನನ್ನ ಬಾಯಿಗೆ ಯಾವಾಗ ಬಂದು ಕೂತಿತೋ ತಿಳಿಯಲಿಲ್ಲ.

ಅವರ ಆಫೀಸಿನಲ್ಲಿ ವೈಟ್ನರ್ ಇಡುವಂತಿರಲಿಲ್ಲ. ಕರಡಿನಲ್ಲಿ ಏನನ್ನಾದರೂ ತೆಗೆಯಬೇಕಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ತೆಗೆದವರ ಸಹಿ ಇರಬೇಕು. ಕಂಪ್ಯೂಟರಿನಲ್ಲಿ ಮಾಡಿದರೂ ಅಷ್ಟೇ. ಮೊದಲು ಹಳೆಯ ಪ್ರತಿಯನ್ನು ಪ್ರಿಂಟ್ ತೆಗೆದು, ಗೆರೆ ಹೊಡೆದು, ಸಹಿ ಹಾಕಿ, ಆಮೇಲೆ ಡಿಲೀಟ್. ಜುಜುಬಿ ಬಾಡಿಗೆ ಕರಾರಿಗೂ ಇದೇ ಮಡಿ. ಜೂನಿಯರ್ ಆಗಿ ಸೇರಿದ ಹೊಸದರಲ್ಲಿ ನಾನು ಇದನ್ನು ಮುದುಕರ ಹಟ ಎಂದುಕೊಂಡಿದ್ದೆ. ಮನೆಗೆ ಹೋಗಿ ಅಮ್ಮನ ಮುಂದೆ ಅವರಂತೆಯೇ ಮೂಗು ಸಿಂಡರಿಸಿ ನಟಿಸಿಯೂ ತೋರಿಸುತ್ತಿದ್ದೆ.

ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕಕ್ಷಿದಾರರು ಮಾತಾಡುತ್ತಿದ್ದಂತೆಯೇ ಎದ್ದು ಕಿಟಕಿಯ ಹತ್ತಿರ ಹೋಗುವರು, ಬಂದು ಕೂರುವರು, ಮತ್ತೆ ಏಳುವರು. ಕೋರ್ಟಿನ ಆವರಣದ ನಲ್ಲಿ ತೊಟ್ಟಿಕ್ಕುತ್ತಿದ್ದರೆ ವಾದ ಮಂಡಿಸಲು ಹೊರಟವರು ಅರ್ಧ ದಾರಿಯಲ್ಲಿ ನಿಂತು ಅದನ್ನು ತಿರುಗಿಸಿ ಬರುವರು. ನಾನು ಫೈಲು ಹಿಡಿದುಕೊಂಡು ಹಿಂದೆ ಹಿಂದೆ ಓಡಬೇಕು. ಅವರ ಜೊತೆ ಕೆಲಸ ಮಾಡಿ ಮಾಡಿ ನನಗೂ ಆ ಚಾಳಿ ಅಂಟಿಕೊಂಡಿದೆ. ಇದನ್ನು ಬರೆಯುತ್ತಲೇ ನಾಲ್ಕು ಸಲ ಎದ್ದಿದ್ದೇನೆ.

ಅಂಬಾಜಿದುರ್ಗದ ಕಡೆಯ ಒಂದು ಹಳ್ಳಿಯವರು ಕೆರೆ ಬಳಕೆದಾರರ ಸಂಘದ ನಿಯಮಾವಳಿ ಬರೆಸಲು ಬಂದದ್ದರಿಂದ ನನಗೆ ಸೀನಿಯರ್ ಕಥೆ ಗೊತ್ತಾಯಿತು. ಹಳ್ಳಿಯವರು ತಂದಿದ್ದ ಹಳೆಯ ಕಾಗದದಲ್ಲಿ ನೀರಗಂಟಿಯ ಬಗ್ಗೆ ಒಂದು ಕಲಂ ಇತ್ತು. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಂಡು ಬಿಡುವವನೇ ನೀರಗಂಟಿ. ಈಗ ಯಾರು ತೂಬು ತೆಗೆಯುತ್ತಾರೆ? ಎಲ್ಲರದೂ ಬೋರ್‌ವೆಲ್. ಬೇಡದ ಕಲಂ ಎಂದು ನಾನು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ, ನೀಟಾಗಿ ಪ್ರಿಂಟ್ ಕೊಟ್ಟೆ. ಓದುತ್ತಾ ಸೀನಿಯರ್ ಮುಖ ಬಿಳಿಚಿಕೊಂಡಿತು.

"ಇದನ್ನ ತೆಗೆದದ್ದು ಯಾರು?" ಎಂದರು.

"ನಾನೇ ಸರ್. ಬೇಕಾಗಿಲ್ಲ ಅನ್ನಿಸ್ತು."

"ನಂಗೂ ಹಂಗೇ ಅನ್ನಿಸಿತ್ತು ಕಣಮ್ಮ," ಎಂದು ಕುರ್ಚಿಯಲ್ಲಿ ಕೂತರು. ಅವತ್ತು ಎರಡು ಗಂಟೆ ಅವರು ಏಳಲಿಲ್ಲ.

ಹಿಂದೊಮ್ಮೆ ಅವರು ಕೆಲಸಕ್ಕೆಂದು ಹೋಗಿದ್ದ ದೇಶದ ಕಥೆ ಅದು. ಆ ದೇಶದ ಹೆಸರು ಹೇಳುತ್ತಿರಲಿಲ್ಲ, "ಅಲ್ಲಿ" ಎನ್ನುತ್ತಿದ್ದರು. ನಾನೂ ಹಾಗೇ ಹೇಳುತ್ತೇನೆ. ಅಲ್ಲಿ ಯುದ್ಧ ಮುಗಿದಿತ್ತು, ಗೆದ್ದವರ ಸೈನ್ಯ ಇನ್ನೂ ರಸ್ತೆಯಲ್ಲಿತ್ತು. ಗೆದ್ದವರು ಆ ದೇಶದ ಕಾನೂನುಗಳನ್ನೆಲ್ಲ ಹೊಸದಾಗಿ ಬರೆಸಲು ಹೊರಟಿದ್ದರು... ಜಮೀನು, ಬ್ಯಾಂಕು, ಪೊಲೀಸು, ನೀರು. ನಮ್ಮ ಸೀನಿಯರ್ ಆಗ ಬೆಂಗಳೂರಿನ ಕಾಲೇಜಿನಲ್ಲಿ ಕಾನೂನು ಪಾಠ ಹೇಳುತ್ತಿದ್ದರು, ನೀರಾವರಿ ಕಾನೂನಿನ ಮೇಲೆ ಒಂದೆರಡು ಲೇಖನ ಬರೆದಿದ್ದರು. ವಿದೇಶಿ ಸಂಸ್ಥೆಯೊಂದು ಅವರನ್ನು ಹುಡುಕಿಕೊಂಡು ಬಂದು, ನೀರಿನ ಕಾನೂನಿನ ಕರಡು ಬರೆಯಲು ಕರೆದೊಯ್ದಿತು. ಮೇಜಿನ ಸುತ್ತ ಆ ದೇಶದವರು ಇಬ್ಬರೇ ಇದ್ದರಂತೆ. ಒಬ್ಬ ವಯಸ್ಸಾದ ನ್ಯಾಯಾಧೀಶ, ಬಾಯಿ ಬಿಡುತ್ತಲೇ ಇರಲಿಲ್ಲ. ಇನ್ನೊಬ್ಬ ದುಭಾಷಿ. ಮಿಕ್ಕವರೆಲ್ಲ ಹೊರಗಿನವರು, ಮುಖ್ಯಸ್ಥ ಗೆದ್ದ ದೇಶದವನು. ಯಾವುದೋ ದೇಶದ ಕಾನೂನನ್ನು ನಕಲು ಮಾಡಿದ ಒಂದು ಕರಡಿನಲ್ಲಂತೂ ಆ ಬೇರೆ ದೇಶದ ಹೆಸರೇ ಹಾಗೇ ಉಳಿದುಕೊಂಡಿತ್ತಂತೆ! ಇದನ್ನು ಹೇಳುವಾಗ ಮಾತ್ರ ಅವರು ನಕ್ಕರು.

ಅಲ್ಲಿಯೂ ನೀರಗಂಟಿಯಂಥವನೊಬ್ಬನಿದ್ದ. ಪ್ರತಿ ಕಾಲುವೆಗೆ ಒಬ್ಬ. ಹಳೆಯ ಕಟ್ಟುಕಟ್ಟಳೆಯಲ್ಲಿ ಅವನಿಗೆ ಒಂದು ಕಲಂ ಇತ್ತು. ಇಟ್ಟುಕೊಳ್ಳಬೇಕೋ ಬೇಡವೋ ಎಂದು ಮುಖ್ಯಸ್ಥ ಇವರನ್ನೇ ಕೇಳಿದನಂತೆ, ಇಂಥದ್ದನ್ನು ನೋಡಿ ಬೆಳೆದವರು ನೀವೊಬ್ಬರೇ ಅಲ್ಲವೇ ಎಂದು. ಒಬ್ಬ ಮುದುಕ ನೀರಿನವನನ್ನು ಕರೆಸಿದರು. ಅವನು ನಿಂತುಕೊಂಡೇ, ನನಗೇನೂ ಕಷ್ಟವಿಲ್ಲ, ಊರಿನವರೇ ಸೇರಿ ನನ್ನನ್ನು ಆರಿಸುತ್ತಾರೆ, ತಪ್ಪು ಮಾಡಿದರೆ ತೆಗೆಯುತ್ತಾರೆ, ಈ ಕೆಲಸ ನನಗೆ ಇಷ್ಟ ಎಂದ. ದುಭಾಷಿ ಒಂದಕ್ಷರ ಬಿಡದೆ ಹೇಳಿದ. ಇವರು ನಂಬಲಿಲ್ಲ.

ಏಕೆ ನಂಬಲಿಲ್ಲವೆಂದರೆ, ಇವರ ಅಪ್ಪ ನೀರಗಂಟಿ. ತಾತ ನೀರಗಂಟಿ. ಕೇರಿಯಲ್ಲಿ ಹುಟ್ಟಿದ್ದಕ್ಕೆ ಅಂಟಿದ ಕೆಲಸ ಅದು, ಬೇಡ ಎನ್ನುವಂತಿಲ್ಲ. ಸಾಯುವವರೆಗೆ ಬೇರೆಯವರ ಗದ್ದೆಗೆ ನೀರು ಬಿಟ್ಟ ಆ ಮನುಷ್ಯನಿಗೆ ಬಿತ್ತಲು ಒಂದು ಗುಂಟೆ ಇರಲಿಲ್ಲ. ಕೂಲಿಯ ಬದಲು ಸುಗ್ಗಿಯಲ್ಲಿ ಕೊಡುವ ಆಯದ ರಾಗಿ ಕೇಳಲು ಜಮೀನ್ದಾರರ ಅಂಗಳದ ಕೆಳಗೆ ನಿಲ್ಲುವನು. ಏನಾದರೂ ತೊಂದರೆ ಇದೆಯೇನೋ ಎಂದು ಅವರು ಕೇಳಿದರೆ, ತೆಲುಗಿನಲ್ಲಿ "ಮಾಕೇಂ ಕಷ್ಟಂ ಲೇದು ಸಾಮಿ" ಎನ್ನುವನು. ಕಷ್ಟವೇನೂ ಇಲ್ಲ ಸ್ವಾಮಿ! ಬೂಟು ಹಾಕಿದ ಆರು ಜನರ ಮುಂದೆ ನಿಂತ ಆ ಮುದುಕನ ಬಾಯಲ್ಲಿ ಇವರಿಗೆ ಕೇಳಿಸಿದ್ದು ಅಪ್ಪನ ಅದೇ ಮಾತು. ಇವನನ್ನಾದರೂ ಬಿಡಿಸೋಣ ಎಂದು, ತುಂಬು ಮನಸ್ಸಿನಿಂದ, ಆ ಕಲಂ ತೆಗೆದು ಹಾಕಿದರು. ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರು, ಗುರುತೂ ಉಳಿಯಲಿಲ್ಲ. ನೀರು ಹಂಚುವ ಅಧಿಕಾರ ನಗರದ ಒಬ್ಬ ಅಧಿಕಾರಿಗೆ ಹೋಯಿತು.

"ಅವತ್ತು ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತೇನಮ್ಮ," ಎಂದರು. "ನಮ್ಮಪ್ಪನಿಗೆ ಮಾಡಕ್ಕಾಗದ್ದನ್ನ ಅವನಿಗೆ ಮಾಡ್ದೆ ಅಂತ."

ಕಾನೂನಿಗೆ ಗೆದ್ದ ದೇಶದ ಆಡಳಿತಗಾರನ ಸಹಿ ಬಿತ್ತು. ಊರಿಗೆ ಹೊರಡುವ ವಾರದಲ್ಲಿ ದುಭಾಷಿ ಇವರನ್ನು ಕಣಿವೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಹೊಸ ಕಾನೂನಿನ ಸುದ್ದಿ ಇನ್ನೂ ಮುಟ್ಟದ ಊರು. ವಸಂತದ ಮೊದಲ ನೀರಿಗೆ ಮುಂಚೆ ಜನ ಸೇರಿದ್ದರು. ಆ ವರ್ಷದ ನೀರಿನವನು ತನ್ನ ಸಲಿಕೆಯನ್ನು ನೆಲದ ಮೇಲಿಟ್ಟು ಕೂತ. ಒಬ್ಬೊಬ್ಬರೂ ಅವನ ತಪ್ಪುಗಳನ್ನು ಎತ್ತಿ ಆಡಿದರು, ಅವನು ಜವಾಬು ಕೊಟ್ಟ. ಊರಿಗೆಲ್ಲ ದೊಡ್ಡ ಜಮೀನಿನವನು ಎದ್ದು ಏನೋ ಹೇಳಿದಾಗ ನೀರಿನವನು ಅವನನ್ನು ಗದರಿದ. ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ ಕೂತುಕೊಂಡ. ಆಮೇಲೆ ಎಲ್ಲರೂ ಸೇರಿ ಸಲಿಕೆಯನ್ನು ಅವನ ಕೈಗೇ ಕೊಟ್ಟರು.

ಅಲ್ಲಿಂದಲೇ ಇವರು ಓಡಿದ್ದು ಮುಖ್ಯಸ್ಥನ ಹತ್ತಿರ. ಆ ಕಲಂ ವಾಪಸು ಸೇರಿಸಿ ಎಂದರು. ಮುಂದೆ ತಿದ್ದುಪಡಿ ಮಾಡುವಾಗ ನೋಡೋಣ, ನಿಮ್ಮ ಕೆಲಸ ಚೆನ್ನಾಗಿದೆ ಎಂದು ಅವನು ಬೆನ್ನು ತಟ್ಟಿ ಕಳಿಸಿದ.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವರ ಅಪ್ಪ ನೀರು ಬಿಡುತ್ತಿದ್ದದ್ದು ಯಾವ ಕೆರೆಯದು ಎಂದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಆ ಕೆರೆಯ ಕೆಳಗೆ ನಮ್ಮದೂ ಗದ್ದೆಗಳಿದ್ದವು. "ನಮ್ಮ ತಾತ ಅಂಥೋರಲ್ಲ ಸರ್," ಎಂದುಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. "ನಿಮ್ಮ ತಾತನ ಮುಂದೆನೂ ನಮ್ಮಪ್ಪ ಕಷ್ಟಂ ಲೇದು ಅಂತಲೇ ಅಂತಿದ್ರು ಕಣಮ್ಮ," ಎಂದು ಎದ್ದು ಕಿಟಕಿಯ ಹತ್ತಿರ ಹೋದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಮಾರನೆಯ ದಿನ ಕೆಲಸ ಬಿಟ್ಟುಬಿಡೋಣ ಎಂದುಕೊಂಡೇ ಹೋದೆ. ಅವರು ಏನೂ ಆಗಿಲ್ಲವೆಂಬಂತೆ ಒಂದು ಫೈಲು ಕೊಟ್ಟು, ಕಾಫಿ ತರಿಸಿದರು.

ಆ ಫೈಲಿನಲ್ಲಿದ್ದದ್ದು ಅವರು ಬರೆದ ಪತ್ರಗಳ ನಕಲು. ಆ ದೇಶದ ಸಚಿವಾಲಯಕ್ಕೆ, ಕರೆದೊಯ್ದ ಸಂಸ್ಥೆಗೆ, ವರ್ಷಕ್ಕೊಂದರಂತೆ. ತೆಗೆದ ಕಲಂ ಅನ್ನು ವಾಪಸು ಸೇರಿಸಿ, ಅಲ್ಲಿ ಏನಾಯಿತೆಂದು ತಿಳಿಸಿ. ಯಾವುದಕ್ಕೂ ಉತ್ತರ ಬಂದಿರಲಿಲ್ಲ. ಆ ಸಚಿವಾಲಯವೇ ಎರಡು ಸಲ ಬದಲಾಗಿತ್ತು, ಸಂಸ್ಥೆ ಬಾಗಿಲು ಹಾಕಿಕೊಂಡು ಹೋಗಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ. ತಾನು ಕಾನೂನಿನಿಂದ ಹೊಡೆದು ಹಾಕಿದ ಆ ಮುದುಕ ಏನಾದ? "ಗೊತ್ತಾದ್ರೆ ಸಾಕಮ್ಮ," ಎನ್ನುತ್ತಿದ್ದರು.

ನಾನೇ ಹುಡುಕಿಕೊಡುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಫೋನಿನಲ್ಲಿ ತಡಕಾಡಿ ತಡಕಾಡಿ ಕೊನೆಗೆ ದುಭಾಷಿ ಸಿಕ್ಕಿದ. ದೇಶ ಬಿಟ್ಟು ಯಾವುದೋ ಚಳಿ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಸರ್ ಎರಡು ದಿನ ಕೂತು, ಎದ್ದು, ಮತ್ತೆ ಕೂತು, ಅವನಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಕೈಯಲ್ಲೇ ಬರೆದರು. ನಾನೂ ನೀರಗಂಟಿಯ ಮಗ, ಆ ಮುದುಕನ ಮಾತು ನಂಬದೆ ಹೋದೆ, ಅವನು ಹೇಗಿದ್ದಾನೆ ತಿಳಿಸು, ಇದ್ದರೆ ಈ ಕಾಗದ ಓದಿ ಹೇಳು ಎಂದು. ಕಳಿಸಮ್ಮ ಎಂದು ನನ್ನ ಕೈಗಿತ್ತರು.

ನಾನು ಕಳಿಸಲಿಲ್ಲ. ಇವತ್ತು ನಾಳೆ ಎಂದು ತಳ್ಳಿದೆ. ಕೆಟ್ಟ ಉತ್ತರ ಬಂದರೆ ಅದನ್ನು ಅವರ ಕೈಗೆ ಕೊಡಬೇಕಾದವಳು ನಾನೇ ಅಲ್ಲವೇ... ಅವರು ಕೇಳಿದಾಗಲೆಲ್ಲ "ಹೋಗಿದೆ ಸರ್, ಉತ್ತರ ಬಂದಿಲ್ಲ" ಎಂದೆ. ಹೀಗೆ ಎರಡು ತಿಂಗಳು. ಒಂದು ಸೋಮವಾರ ಶಿಡ್ಲಘಟ್ಟ ಕೋರ್ಟಿಗೆ ಹೋದವರು ಮೆಟ್ಟಿಲ ಮೇಲೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಬೌದ್ಧ ಭಿಕ್ಷು ಭಂತೇಜಿಯವರು ಬಂದು ವಂದನೆ ಹೇಳಿದರು, ಊರ ಕೆರೆಯ ಕೆಳಗಿನ ಸಣ್ಣ ಜಾಗದಲ್ಲಿ ಮಣ್ಣು ಮಾಡಿದರು. ನಾನು ಅತ್ತೆ. ಕಾಗದ ಇನ್ನೂ ನನ್ನ ಮೇಜಿನಲ್ಲೇ ಇತ್ತು.

ಅವರು ತೀರಿಕೊಂಡು ಒಂದು ವಾರಕ್ಕೆ ಕಾಗದದ ಫೋಟೋ ತೆಗೆದು ದುಭಾಷಿಗೆ ಕಳಿಸಿದೆ. ಸರ್ ಇಲ್ಲ ಎಂದು ಬರೆಯುವ ಧೈರ್ಯವಾಗಲಿಲ್ಲ. ವರ್ಷವಾಗುತ್ತಾ ಬಂತು, ಇನ್ನು ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ಬಂತು, ಸರ್ ಹೆಸರಿಗೆ.

ಕಾನೂನು ಬಂದ ಮರುವರ್ಷ ನಗರದ ಅಧಿಕಾರಿ ಕಾಲುವೆಯ ಕಡೆ ತಲೆ ಹಾಕಲಿಲ್ಲವಂತೆ. ಮೇಲಿನ ಊರಿನವರು ನೀರನ್ನೆಲ್ಲ ತಿರುಗಿಸಿಕೊಂಡರು, ಕೆಳಗಿನವರು ಜಗಳಕ್ಕೆ ಬಂದರು. ಮುದುಕ ಎಂದಿನಂತೆ ಸಲಿಕೆ ಹಿಡಿದು ನಡುವೆ ಹೋಗಿ ನಿಂತ. ನೀನು ಈಗ ಯಾರು ಎಂದು ಕೇಳಿದರಂತೆ. ಅವನನ್ನು ಕೊಂದ ಗುಂಡು ಯಾರದೆಂದು ಇವತ್ತಿಗೂ ಗೊತ್ತಿಲ್ಲವಂತೆ. ಈ ಕಾನೂನು ಬರೆದವರು ಯಾರೆಂದು ಆಗ ಊರಿನವರು ದುಭಾಷಿಯನ್ನು ಕೇಳಿದರು. ಪರದೇಶದವರು, ನಮ್ಮ ನೀರು ಕಂಡವರಲ್ಲ ಎಂದು ಅವನು ಹೇಳಿದ. ನೀವು ನೀರಿನವನ ಮಗ ಎಂದು ನನಗೂ ತಿಳಿದಿರಲಿಲ್ಲ ಎಂದು ಬರೆದಿದ್ದಾನೆ.

ಕಾಗದವನ್ನು ಅವನು ಫೋನಿನಲ್ಲಿ ಆ ಮುದುಕನ ಮಗನಿಗೆ ಓದಿ ಹೇಳಿದನಂತೆ. ಮಗ ಎರಡು ಸಲ ಓದಿಸಿದನಂತೆ. ಆಮೇಲೆ, ಆ ಮನುಷ್ಯ ಇಲ್ಲಿಗೆ ಬರುವುದಾದರೆ ಬರಲಿ, ನಾನು ಅವರನ್ನು ನೋಡಬೇಕು ಎಂದನಂತೆ. ಯಾಕೆಂದು ಹೇಳಲಿಲ್ಲ. ಯಾವಾಗ ಬರುತ್ತೀರಿ ಎಂದು ದುಭಾಷಿ ಕೇಳಿದ್ದಾನೆ.

ಮೊನ್ನೆಯಿಂದ ನಾನು ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಸರ್ ಇಲ್ಲ ಎಂದು ಬರೆಯಬೇಕು. ಸರ್ ಬದುಕಿದ್ದಾಗಲೇ ಈ ಕಾಗದ ಎರಡು ತಿಂಗಳು ನನ್ನ ಮೇಜಿನಲ್ಲಿತ್ತು ಎಂದೂ ಬರೆಯಬೇಕು.