ಎಲ್ಲಿಗೂ ಹೋಗದ ಮಗುವಿನ ಮಲೇರಿಯಾ

ಮಸ್ಕತ್ತಿನ ಅಲ್ ಖೌದ್‌ನ ಫ್ಲ್ಯಾಟಿಗೆ ಬಂದ ಮೊದಲ ದಿನ, ಮಂಗಳೂರಿನಿಂದ ತಂದ ಸೊಳ್ಳೆಪರದೆ ಕಟ್ಟಲು ಗೋಡೆಯಲ್ಲಿ ಮೊಳೆ ಹುಡುಕಿದೆ. ಒಂದೂ ಇರಲಿಲ್ಲ. ಗಂಡ ರೋಶನ್ ನಕ್ಕರು. "ಇಲ್ಲಿ ಎಂತ ಸೊಳ್ಳೆ ಮಾರಾಯ್ತಿ? ಅದಕ್ಕೂ ವೀಸಾ ಬೇಕು!"

ಎರಡು ವರ್ಷದ ಮೇಲೆ, ಆರು ತಿಂಗಳ ಬಸುರಿ, ತಮ್ಮನ ರೋಸಿಗೆ ಊರಿಗೆ ಹೋದೆ. ರೋಸ್ ಎಂದರೆ ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ನಮ್ಮ ಶಾಸ್ತ್ರ. ಅಲ್ಲಿ ಮಲೇರಿಯಾ ಬಂತು. ನಮ್ಮ ಕಡೆ ಅದು ದೊಡ್ಡ ಸುದ್ದಿಯಲ್ಲ. ಪಕ್ಕದ ಮನೆಯವರು ಗಂಜಿಗೆಂದು ಉಪ್ಪಿನಕಾಯಿ ಕೊಟ್ಟು ಹೋಗುತ್ತಾರೆ, ಅಷ್ಟೆ. ಮಾತ್ರೆ ಮುಗಿಸಿದೆ, ಜ್ವರ ಬಿಟ್ಟಿತು, ಮರಳಿ ಬಂದೆ. ಇಲ್ಲಿನ ಡಾಕ್ಟರಿಗೆ ಹೇಳಬೇಕೆಂದೇ ತೋಚಲಿಲ್ಲ. ಹಳೆಯ ನೆಗಡಿಯನ್ನು ಯಾರಾದರೂ ಹೇಳುತ್ತಾರೆಯೇ?

ಮಗಳು ಎಲಿಟಾ ಇಲ್ಲೇ ಹುಟ್ಟಿದಳು. ಹದಿನೆಂಟನೆಯ ದಿನ ಅವಳ ಮೈ ಸುಡತೊಡಗಿತು. ಹಾಲು ಕುಡಿಯುತ್ತಲೇ ಬಾಯಿ ಸಡಿಲ ಬಿಡುತ್ತಿದ್ದಳು. ಆಸ್ಪತ್ರೆಯ ಫಾರಂನಲ್ಲಿ 'ಮಗು ಹೊರದೇಶಕ್ಕೆ ಹೋಗಿತ್ತೇ?' ಎಂದಿತ್ತು. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ 'ಇಲ್ಲ' ಎಂದು ಬರೆದೆ. ಸುಳ್ಳೇನಲ್ಲವಲ್ಲ.

ರಕ್ತದಲ್ಲಿ ಸೋಂಕಿರಬೇಕೆಂದು ಆ್ಯಂಟಿಬಯಾಟಿಕ್ ಕೊಟ್ಟರು. ಎರಡು ದಿನವಾದರೂ ಜ್ವರ ಇಳಿಯಲಿಲ್ಲ. ಪಾದ ಒರೆಸುವಾಗ ಕಂಡೆ: ಅಂಗಾಲು ಸುಣ್ಣದಂತೆ ಬಿಳಿಚಿತ್ತು. ಊರಿನಲ್ಲಿ ಅಮ್ಮ ನನ್ನ ಅಂಗೈಯನ್ನು ಬೆಳಕಿಗೆ ಹಿಡಿದು, "ನೋಡು, ಮಲೇರಿಯಾ ರಕ್ತವೆಲ್ಲ ಕುಡಿದಿದೆ" ಎಂದದ್ದು ನೆನಪಾಯಿತು.

"ಸಿಸ್ಟರ್, ಮಲೇರಿಯಾ ಟೆಸ್ಟ್ ಮಾಡಿಸಿ" ಎಂದೆ.

ಮಲಯಾಳಿ ನರ್ಸ್ ಪೆನ್ನು ಕೆಳಗಿಟ್ಟಳು. "ಮಲೇರಿಯಾ? ಇಧರ್? ಬೇಬಿ ತೋ ಕಹೀಂ ಗಯಾ ನಹೀಂ!"

"ಬೇಬಿ ಹೋಗಿಲ್ಲ, ನಾನು ಹೋಗಿದ್ದೆ. ಆಗ ಬೇಬಿ ನನ್ನೊಳಗಿತ್ತು."

ರೋಶನ್ ತೋಳು ಹಿಡಿದರು. "ಬಿಡು ಮಾರಾಯ್ತಿ, ಅವರಿಗೆ ಗೊತ್ತಿಲ್ವಾ?"

ದೊಡ್ಡವರಿಗೆ ಎದುರಾಡಿದವಳಲ್ಲ ನಾನು. ಅಂದು ಬಾಗಿಲಿಗೆ ಅಡ್ಡ ನಿಂತೆ. "ರಕ್ತ ತೆಗೆಯುವವರೆಗೆ ಕದಲುವುದಿಲ್ಲ."

ಒಮಾನಿ ಡಾಕ್ಟರಮ್ಮ ಬಂದು ಪೂರ್ತಿ ಕೇಳಿದರು. ಸಂಜೆಗೆ ನಮ್ಮಿಬ್ಬರ ರಕ್ತದಲ್ಲೂ ಮಲೇರಿಯಾ ಸಿಕ್ಕಿತು. "ಮಾತ್ರೆ ಮುಗಿಸಿದರೂ ನಿಮ್ಮಲ್ಲಿ ಪೂರ್ತಿ ಹೋಗಿರಲಿಲ್ಲ. ಬಸಿರಿನಲ್ಲೇ ನಿಮ್ಮಿಂದ ಅವಳಿಗೆ ದಾಟಿದೆ. ಮೊದಲೇ ಹೇಳಬೇಕಿತ್ತು" ಎಂದರು. ತಲೆ ತಗ್ಗಿಸಿದೆ. ಔಷಧಿ ಬದಲಾಯಿತು. ಮೂರನೆಯ ದಿನ ಎಲಿಟಾ ಹಸಿವಿನಿಂದ ಕಿರುಚಿದಳು. ಡಾಕ್ಟರಮ್ಮ "ಖಲಾಸ್" ಎಂದು ನಕ್ಕರು; ಮುಗಿಯಿತು ಎಂದರ್ಥ.

ಮೊನ್ನೆ ಲಸಿಕೆಗೆ ಹೋದಾಗ ಮತ್ತೆ ಅದೇ ಫಾರಂ. 'ಹೊರದೇಶ' ಎಂಬಲ್ಲಿ ಪೆನ್ನು ನಿಂತಿತು. ಅವಳಿಗೆ ಮಂಗಳೂರು ಹೊರದೇಶ, ನನಗೆ ಮಸ್ಕತ್. ಆದರೂ 'ಹೌದು, ಮಂಗಳೂರು' ಎಂದು ಬರೆದೆ.

"ಯಾವಾಗ ಹೋಗಿದ್ದು?" ಎಂದಳು ನರ್ಸ್.

"ಹುಟ್ಟುವುದಕ್ಕೆ ಮೂರು ತಿಂಗಳು ಮೊದಲು."