ಕುಂಟು ಉಳಿಸುವ ಲಾಳದಕ್ಕ

"ಬೀಗರೇ, ಕಾಲು ಕೊಡಿ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಗೋದಾಮಿನ ಹಿಂದಿನ ಅಂಗಳದಲ್ಲಿ ಕುಲುಮೆಯ ಹೊಗೆ ನೆಲ ಬಿಟ್ಟು ಏಳಲು ಸೋಮಾರಿತನ ಮಾಡುತ್ತಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಂದು ಬಣ್ಣದ ಹೇಸರಗತ್ತೆಯ ಮುಂದೆ ಬಗ್ಗಿ ಅಂಗೈ ಚಾಚಿದ್ದಾರೆ. ಅದು ಮುಖ ಆಚೆ ತಿರುಗಿಸಿಕೊಂಡು ನಿಂತಿದೆ. ಅವರು ಇನ್ನೊಮ್ಮೆ ಕೇಳುತ್ತಾರೆ, ಕಾಯುತ್ತಾರೆ. ಕೊನೆಗೆ ದೊಡ್ಡ ಉಪಕಾರ ಮಾಡುವವರ ಹಾಗೆ ಅದು ಎಡ ಮುಂಗಾಲನ್ನು ಎತ್ತಿಕೊಡುತ್ತದೆ. ಕಾಲನ್ನು ಎರಡು ಮೊಣಕಾಲುಗಳ ನಡುವೆ ಹಿಡಿದುಕೊಂಡು ಅವರು ಅರ ಕೈಗೆತ್ತಿಕೊಳ್ಳುತ್ತಾರೆ.

"ನಮ್ಮನೆಗೆ ಬಂದಿರೋ ಬೀಗರು ಇವರು," ಗೋಡೆ ಬದಿಯ ಕುರ್ಚಿಯಿಂದ ಅವರ ಗಂಡ, ಅಂಗಳ ನೋಡಲು ಬಂದ ನನಗೆ ಪರಿಚಯಿಸುತ್ತಾರೆ. "ಎಲ್ಲಾ ಮೊದ್ಲು ಇವರಿಗೇ ಆಗ್ಬೇಕು. ಇಲ್ಲಾಂದ್ರೆ ಮುಖ ಊದಿಸ್ಕೊಂಡು ನಿಂತ್ಬಿಡ್ತಾರೆ."

ಈ ಹೆಂಗಸನ್ನು ಎಲ್ಲರೂ ಕರೆಯುವುದು ಲಾಳದಕ್ಕ ಎಂದು. ಕುದುರೆ, ಕತ್ತೆಗಳಿಗೆ ಲಾಳ ಕಟ್ಟುವುದು ಗಂಡನ ಕಸುಬು. ಒಂದು ದಿನ ಕುದುರೆ ಒದ್ದು ಅವರ ಬೆನ್ನು ಮುರಿಯಿತು. ಸುತ್ತಿಗೆ, ಇಕ್ಕಳ ಹೆಂಡತಿಯ ಕೈಗೆ ಬಂದವು. "ನಿನ್ನ ಕೈಲಾಗಲ್ಲ ಅಂದೆ," ಎಂದು ಗಂಡ ನೆನೆಯುತ್ತಾರೆ. "ಹಾಗಾದ್ರೆ ನೀವೇ ಎದ್ದು ಬನ್ನಿ ಅಂದೆ," ಎನ್ನುತ್ತಾರೆ ಹೆಂಡತಿ, ಅರ ಉಜ್ಜುತ್ತಲೇ. "ಈಗ ಇವರ ಬೆನ್ನಿನ ಕೆಲ್ಸಾನೂ ಬಾಯೇ ಮಾಡುತ್ತೆ ಸಾರ್." ಗಂಡ ಕಟ್ಟಿಕೊಳ್ಳುತ್ತಿದ್ದ ಚರ್ಮದ ಏಪ್ರನ್ನನ್ನೇ ಕತ್ತರಿಸಿ ತಮ್ಮ ಅಳತೆಗೆ ಹೊಲಿದುಕೊಂಡಿದ್ದಾರೆ.

ಇಟ್ಟಿಗೆ ಭಟ್ಟಿ, ಜಲ್ಲಿ ಕ್ವಾರಿಗಳಲ್ಲಿ ದುಡಿದು ಕಾಲು ಕೆಟ್ಟ ಪ್ರಾಣಿಗಳನ್ನು ಬಿಡಿಸಿ ತರುವ ಸಣ್ಣ ತಂಡವೊಂದು ಈ ಅಂಗಳವನ್ನು ನಡೆಸುತ್ತಿದೆ. ಸದ್ಯಕ್ಕೆ ಇಲ್ಲಿ ಹನ್ನೊಂದು ಪ್ರಾಣಿಗಳಿವೆ. ಲದ್ದಿ ಬಾಚುವುದು, ಹುಣ್ಣು ತೊಳೆಯುವುದು, ಹುಳ ಆರಿಸುವುದು, ಗೊರಸು ಕೆತ್ತುವುದು, ಎಲ್ಲವೂ ಲಾಳದಕ್ಕನ ಪಾಲು. ಮಧ್ಯಾಹ್ನ ಗಾಡಿ ನಿಲ್ದಾಣಕ್ಕೆ ಹೋಗಿ ಹೊರಗಿನವರ ಕುದುರೆಗಳಿಗೆ ಲಾಳ ಕಟ್ಟಿ ಬರುತ್ತಾರೆ, ಮನೆ ನಡೆಯುವುದು ಅದರಿಂದ. ಸಂಜೆ ಮತ್ತೆ ಇಲ್ಲಿ.

ಬೀಗರು ಬಂದದ್ದು ಇಟ್ಟಿಗೆ ಭಟ್ಟಿಯಿಂದ. ತಪ್ಪಿಸಿಕೊಂಡು ಹೋಗದಿರಲಿ ಎಂದು ಅಲ್ಲಿ ಯಾರೋ ಅದರ ಮುಂಗಾಲುಗಳಿಗೆ ನೈಲಾನ್ ಹಗ್ಗ ಬಿಗಿದಿದ್ದರು. ಬಿಗಿದವರು ಸಡಿಲಿಸುವುದನ್ನು ಮರೆತರು. ಎಡಗಾಲಿನ ನರ ಮೊಟಕಾಗಿ ಹಿಮ್ಮಡಿ ನೆಲ ಬಿಟ್ಟಿತು. ಗೊರಸಿನ ತುದಿಯ ಮೇಲೆ ನಿಲ್ಲುತ್ತಿದ್ದ ಆ ಪ್ರಾಣಿಯ ಬೆನ್ನಿಗೆ ಇಟ್ಟಿಗೆ ಹೇರುವುದನ್ನು ಮಾತ್ರ ಯಾರೂ ಮರೆಯಲಿಲ್ಲ. ಬಿದ್ದಾಗ ಹೊಡೆದರು, ಏಳದಿದ್ದಾಗ ಮೋರಿಗೆ ತಳ್ಳಿ ಹೋದರು.

"ಹಗ್ಗ ಕಾಣ್ತಾನೇ ಇರ್ಲಿಲ್ಲ. ಅದರ ಮೇಲೇ ಚರ್ಮ ಬೆಳೆದುಬಿಟ್ಟಿತ್ತು. ಪ್ರಾಣಿಗಳ ಡಾಕ್ಟರಮ್ಮ ಕುಯ್ದು ತೆಗೀವಾಗ ನಾನು ತಲೆ ಹಿಡ್ಕೊಂಡಿದ್ದೆ," ಎನ್ನುತ್ತಾರೆ ಲಾಳದಕ್ಕ. "ಮದ್ದು ಕೊಟ್ಟಿದ್ರೂ ನೋವು ಇರುತ್ತಲ್ಲ. ಇದು ಕೂಗ್ಲೇ ಇಲ್ಲ. ಕೂಗಿದ್ರೆ ಹೊಡೀತಾರೆ ಅಂತ ಕಲ್ತಿತ್ತು ಸಾರ್."

ಆಮೇಲಿನದು ತಾಳ್ಮೆಯ ಕೆಲಸ. ಎತ್ತಿಕೊಂಡ ಹಿಮ್ಮಡಿಗೆ ಆಸರೆಯಾಗುವಂತೆ ಲಾಳಕ್ಕೆ ಕಬ್ಬಿಣದ ದಪ್ಪ ಬೆಣೆ ಸೇರಿಸಬೇಕು. ಕೆಲವು ವಾರಕ್ಕೊಮ್ಮೆ ಲಾಳ ಬಿಚ್ಚಿ ಬೆಣೆಯನ್ನು ಚೂರು ತೆಳ್ಳಗೆ ಮಾಡಿ ಮತ್ತೆ ಕಟ್ಟಬೇಕು. ಆಗ ಹಿಮ್ಮಡಿ ಚೂರು ಇಳಿಯುತ್ತದೆ, ನರ ಚೂರು ಹಿಗ್ಗುತ್ತದೆ. ಅವಸರ ಮಾಡಿದರೆ ನರ ಹರಿಯುತ್ತದೆ. ಬೆಳಿಗ್ಗೆ ಸಂಜೆ ಬಿಸಿ ಬಟ್ಟೆಯ ಶಾಖ ಕೊಟ್ಟು ಕೈಯಲ್ಲೇ ನೀವಬೇಕು. ವರ್ಷ ದಾಟಿ ಹೀಗೇ ನಡೆದಿದೆ. ಈಗ ಬೆಣೆ ಬೆರಳಿನಷ್ಟು ದಪ್ಪ ಉಳಿದಿದೆ. ಇನ್ನೊಂದು ಸುತ್ತು ಮಾಡಿದರೆ ಬೀಗರ ಕಾಲು ಊರುತ್ತದೆ, ಕುಂಟು ಹೋಗುತ್ತದೆ.

ಆ ಒಂದು ಸುತ್ತನ್ನು ಲಾಳದಕ್ಕ ಮಾಡುವುದಿಲ್ಲ. ಈ ದಿನ ಬೀಗರು ಕುಂಟುತ್ತಲೇ ಹೊಸ ಮನೆಗೆ ಹೊರಡಬೇಕು.

ಕೈಲಾಗದೆ ಬಿಟ್ಟಿದ್ದಲ್ಲ. ಹಿಂದೊಮ್ಮೆ ಬೂದು ಬಣ್ಣದ ಹೆಣ್ಣು ಕುದುರೆಯನ್ನು ಅವರು ಪೂರ್ತಿ ಗುಣಪಡಿಸಿದ್ದರು. ಅದು ಓಡುವುದನ್ನು ನೋಡಿ ಊರೆಲ್ಲ ಹೇಳಿಕೊಂಡು ಬಂದರಂತೆ. ಮಕ್ಕಳಿಗೆ ಜೊತೆಯಾಗುತ್ತದೆ ಎಂದು ಒಂದು ಸಂಸಾರ ಬಂದು ಕರೆದುಕೊಂಡು ಹೋಯಿತು. ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಫೋನು ಮಾಡಿದರು: ಜಲ್ಲಿ ಗಾಡಿಯ ಸಮೇತ ಕುದುರೆಯೊಂದು ರಸ್ತೆಯಲ್ಲಿ ಬಿದ್ದಿದೆ, ಬನ್ನಿ.

"ದೂರದಿಂದ್ಲೇ ಗೊತ್ತಾಯ್ತು, ನಾನೇ ಕಟ್ಟಿದ್ದ ಲಾಳ. ಅದೇ ಕಾಲು, ಮೂಳೆ ಹೊರಗೆ ಬಂದಿತ್ತು. ಡಾಕ್ಟರಮ್ಮ ಕೊನೇ ಸೂಜಿ ಹಾಕಿದ್ರು. ಆಮೇಲೆ ಕೂತ್ಕೊಂಡು ಲಾಳ ಬಿಚ್ಚಿದೆ," ಎನ್ನುತ್ತಾರೆ ಅವರು. "ಅಷ್ಟು ಚೆನ್ನಾಗಿ ವಾಸಿ ಮಾಡಿದ್ನಲ್ಲ ಸಾರ್, ಅದಕ್ಕೇ ಗಾಡಿಗೆ ಕಟ್ಟಿದ್ರು. ಕುಂಟ್ತಾ ಇದ್ದಿದ್ರೆ ಯಾರು ಕಟ್ತಿದ್ರು?"

ನಾನು ಅಂಗಳದ ಆಚೆ ತುದಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಕತ್ತೆಯೊಂದರ ಕಿವಿ ನೋಡುತ್ತಿರುವ ಡಾಕ್ಟರಮ್ಮನನ್ನು ಕೇಳಿದರೆ, ಕುಂಟು ಉಳಿಸುವುದು ಅವರಿಗೆ ಒಪ್ಪಿಗೆಯಿಲ್ಲ.

"ಈಗ ನೋವಿಲ್ಲ, ನಿಜ. ಆದ್ರೆ ಸೊಟ್ಟ ಊರಿ ಊರಿ ಕೀಲು ಸವೆಯುತ್ತೆ. ವಯಸ್ಸಾದ್ಮೇಲೆ ನರಳುತ್ತೆ. ಆ ನೋವನ್ನ ಕೊಟ್ಟೋರು ನಾವೇ ಆಗ್ತೀವಿ," ಎನ್ನುತ್ತಾರೆ ಅವರು.

"ಡಾಕ್ಟರಮ್ಮ ಹೇಳೋದು ಸರಿ," ಎಂದು ಲಾಳದಕ್ಕ ಇದ್ದಲ್ಲಿಂದಲೇ ಒಪ್ಪುತ್ತಾರೆ. "ಆದ್ರೆ ವಯಸ್ಸಾಗೋವರ್ಗೂ ಅದು ಬದುಕಿರ್ಬೇಕಲ್ಲ."

ಬಿಸಿಲು ಏರುವ ಹೊತ್ತಿಗೆ ಹೂವಿನ ಸಸಿ ಬೆಳೆದು ಮಾರುವವರೊಬ್ಬರು ಬರುತ್ತಾರೆ. ಬೀಗರನ್ನು ಕರೆದೊಯ್ಯುವವರು ಇವರೇ. ಅವರ ಮನೆಯಲ್ಲೊಂದು ಮುದಿ ಕತ್ತೆಯಿದೆ. ಜೊತೆಯದು ಸತ್ತ ಮೇಲೆ ಅದು ಮೇವು ಮುಟ್ಟುತ್ತಿಲ್ಲವಂತೆ. ತಂದಿರುವ ಹಗ್ಗಕ್ಕೆ, ಕುತ್ತಿಗೆಗೆ ಒತ್ತದಿರಲೆಂದು ಹಳೆಯ ಬಟ್ಟೆ ಸುತ್ತಿದ್ದಾರೆ. ಬೀಗರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದವರು ನಿಂತುಬಿಡುತ್ತಾರೆ.

"ಇನ್ನೂ ಕುಂಟುತ್ತಲ್ಲ ಅಕ್ಕ. ಪೂರಾ ಸರಿ ಮಾಡೋಕಾಗಲ್ವಾ?"

ಬೂದು ಕುದುರೆಯನ್ನು ಒಯ್ದವರೂ ಕೇಳಿದ್ದು ಇದನ್ನೇ. ಕರುಣೆಯಿದ್ದವನೂ ಇದನ್ನೇ ಕೇಳುತ್ತಾನೆ, ಗಾಡಿಗೆ ಕಟ್ಟುವವನೂ ಇದನ್ನೇ ಕೇಳುತ್ತಾನೆ. ನಾನು ಆ ಮನುಷ್ಯನ ಮುಖವನ್ನೇ ನೋಡುತ್ತೇನೆ, ಏನೂ ತಿಳಿಯುವುದಿಲ್ಲ.

"ಆಗುತ್ತೆ. ಮಾಡಲ್ಲ," ಎನ್ನುತ್ತಾರೆ ಲಾಳದಕ್ಕ. ಬೂದು ಕುದುರೆಯ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಸಸಿಯವರ ಮುಖ ಕೆಂಪಾಗುತ್ತದೆ. "ನನ್ನನ್ನೂ ಅಂಥೋನು ಅಂದ್ಕೊಂಡ್ರಾ? ನಮ್ಮ ಕತ್ತೆ ಬೆನ್ನ ಮೇಲೆ ನಾನು ಒಂದು ಸಸಿ ಕುಂಡಾನೂ ಇಟ್ಟೋನಲ್ಲ."

"ಇರ್ಬೋದಪ್ಪ. ಆಗ ಬಂದೋರೂ ಹೀಗೇ ಹೇಳಿದ್ರು."

ಬೀಗರನ್ನು ಬಿಟ್ಟು ಹೋಗುತ್ತಾರೇನೋ ಎಂದುಕೊಳ್ಳುತ್ತೇನೆ. ಸಸಿಯವರು ಬಗ್ಗಿ, ಬಟ್ಟೆ ಸುತ್ತಿದ ಹಗ್ಗವನ್ನು ಬೀಗರ ಕುತ್ತಿಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆಯುತ್ತಾರೆ. ಹೇಸರಗತ್ತೆ ಎರಡು ಸಲ ಹಿಂತಿರುಗಿ ನೋಡುತ್ತದೆ. ರಸ್ತೆಯ ತಿರುವಿನವರೆಗೂ ಅದರ ತಲೆ ಹೆಜ್ಜೆಗೊಮ್ಮೆ ಎದ್ದು ಬೀಳುವುದು ಕಾಣುತ್ತದೆ.

"ಪಾಪ, ಒಳ್ಳೆ ಮನುಷ್ಯನ ಹಾಗೆ ಕಂಡ," ಎಂದು ಗಂಡ ಗೊಣಗುತ್ತಾರೆ.

"ನಂಗೂ ಹಾಗೇ ಕಂಡ್ರು," ಎನ್ನುತ್ತಾರೆ ಹೆಂಡತಿ. ಬೀಗರ ಜಾಗದ ಲದ್ದಿ ಬಾಚುತ್ತಿದ್ದ ಅವರ ಕೈ ನಿಂತಿದೆ. ಆ ಕಾಲಿನ ನರ ಹಿಗ್ಗಲು ಇನ್ನು ಕೆಲವೇ ತಿಂಗಳು ಉಳಿದಿವೆಯಂತೆ, ಆಮೇಲೆ ಗಟ್ಟಿಯಾಗಿ ಹಾಗೇ ನಿಂತುಬಿಡುತ್ತದೆ. ಅಷ್ಟರಲ್ಲಿ ಆ ಮನೆಯನ್ನು ನಂಬಿ ಉಳಿದ ಸುತ್ತು ಮುಗಿಸಬೇಕೋ ಬೇಡವೋ ಎಂದು ಲಾಳದಕ್ಕ ತೀರ್ಮಾನಿಸಬೇಕು.

"ವಾರವಾರ ಹೋಗಿ ನೋಡ್ಕೊಂಡು ಬರ್ತೀನಿ. ಬೈದ್ರೆ ಬೈಸ್ಕೋತೀನಿ," ಎಂದು ಅವರು ಸಲಿಕೆ ಎತ್ತಿಕೊಳ್ಳುತ್ತಾರೆ. "ನಾನು ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ ಅಂತ ಆ ಮನುಷ್ಯಂಗೆ ಹೇಳೋ ಹಾಗಾದ್ರೆ ಸಾಕು ಸಾರ್. ಬೇರೆ ಆಸೆ ಏನಿಲ್ಲ."